ನಡುಮರದಲ್ಲಿ ನಿಲ್ಲುವ ಕಾರಣ

ತೆಂಗಿನ ಮರ ಹತ್ತುವವರನ್ನು ಅವರ ವೇಗದಿಂದ ಅಳೆಯುವುದು ಅರಸೀಕೆರೆ ಸೀಮೆಯ ರೂಢಿ. ಬಾಣಾವರದಿಂದ ಎರಡು ಮೈಲಿ ಆಚೆಯ ಊರಿನ ಕರಿಯಪ್ಪನವರು ಮಾತ್ರ, 1999ರ ಯುಗಾದಿಯ ಮುಂಚಿನಿಂದ ಗೌರಿ ಹಬ್ಬದವರೆಗೆ, ನಿಧಾನಕ್ಕೆ ಹೆಸರಾಗಿದ್ದರು. ಅರ್ಧ ಮರ ಏರಿದ ಮೇಲೆ ಅವರು ನಿಲ್ಲುತ್ತಿದ್ದರು. ಎರಡು ಕೈಗಳಿಂದ ಕಾಂಡವನ್ನು ತಬ್ಬಿ, ಎಡಗೆನ್ನೆಯನ್ನು ಅದಕ್ಕೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಕೆಳಗಿದ್ದವರು ಮಾತು ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ಅವರು ಕಣ್ಣು ತೆರೆದು, "ಮರ ಚೆನ್ನಾಗೈತೆ" ಎಂದು ಕೂಗಿ ಮೇಲೆ ಹೋಗುತ್ತಿದ್ದರು.

ಆ ಆರು ತಿಂಗಳ ವಿವರಗಳನ್ನು ಕರಿಯಪ್ಪ, ಅವರ ಹೆಂಡತಿ ಬೋರಮ್ಮ, ಮಗಳು ರಾಣಿ, ಅವರಂತೆಯೇ ಮರ ಹತ್ತುವ ಮರಿಯಣ್ಣ, ತೋಟದ ಒಡತಿ ಶಿವಗಂಗಮ್ಮ ಮತ್ತು ಅವರ ಮಗ, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಇಂದುಧರ, ಇವರು 2006ರಲ್ಲಿ ಬೇರೆ ಬೇರೆಯಾಗಿ ಹೇಳಿದರು. ಹೇಳಿಕೆಗಳು ಒಂದಕ್ಕೊಂದು ಹೊಂದದ ಕಡೆ ಹೊಂದುವುದಿಲ್ಲವೆಂದೇ ಬರೆಯಲಾಗಿದೆ.

ಅದು ತೆಂಗಿಗೆ ನುಸಿ ಬಿದ್ದ ಕಾಲ. ಎಳೆಗಾಯಿಗಳ ತೊಟ್ಟಿನ ಬಳಿ ಕಂದು ಕಲೆ ಮೂಡಿ, ಕಾಯಿ ಬಿರಿದು, ಗಾತ್ರ ಕುಗ್ಗುತ್ತಿತ್ತು. ಬೇವಿನೆಣ್ಣೆಯನ್ನು ಸೋಪಿನ ನೀರಿಗೆ ಕಲಸಿ ಗೊನೆಗಳಿಗೆ ಹೊಡೆಯಬೇಕೆಂದು ಕೃಷಿ ಇಲಾಖೆಯವರು ಹೇಳಿದ್ದರಿಂದ, ಕಾಯಿ ಕೀಳಲು ಮಾತ್ರ ಹತ್ತುತ್ತಿದ್ದ ಮರವನ್ನು ಮತ್ತೆ ಮತ್ತೆ ಹತ್ತಬೇಕಾಯಿತು. ಹತ್ತುವವರು ಊರಿಗೆ ಇಬ್ಬರೋ ಮೂವರೋ. ಕರಿಯಪ್ಪನವರಿಗೆ ಆಗ ನಲವತ್ತನಾಲ್ಕು ವರ್ಷ. ಹದಿನೈದನೆಯ ವಯಸ್ಸಿನಿಂದ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕಾಲಿಗೆ ಹಗ್ಗದ ಕುಣಿಕೆ, ಸೊಂಟಕ್ಕೆ ಮಚ್ಚು, ಬೆನ್ನಿಗೆ ಈಗ ಔಷಧಿಯ ಡಬ್ಬ.

ಮೊದಲ ಸಲ ಅದು ಬಂದದ್ದು ಕಲ್ಲೇಶಪ್ಪ ಎಂಬುವರ ತೋಟದಲ್ಲಿ. ಅಲ್ಲಿಯ ಮರಗಳ ಮೇಲಿಂದ ಮಾಲೇಕಲ್ಲು ಬೆಟ್ಟ ಕಾಣುತ್ತದೆ.

"ಬೆಟ್ಟ ಎದ್ದು ಪಕ್ಕಕ್ಕೆ ನಡ್ಕಂಡು ಹೋಯ್ತು," ಎಂದು ಕರಿಯಪ್ಪ ಹೇಳಿದರು. "ನಾನು ಅಲ್ಲಾಡ್ಲಿಲ್ಲ. ಬೆಟ್ಟ, ತೋಟ, ಕೆಳಗಿದ್ದ ಕಲ್ಲೇಶಪ್ಪ, ಎಲ್ಲಾ ಗಾಣದಂಗೆ ಸುತ್ತೋಕೆ ಶುರುವಾಯ್ತು. ಎಡಗಿವಿ ಒಳಗೆ ಜೀರುಂಡೆ ಕೂಗ್ದಂಗೆ. ಮರ ಒಂದೇ ನಿಂತಿತ್ತು. ಅದ್ನ ತಬ್ಕಂಡೆ."

ಕೆಳಗಿದ್ದ ಕಲ್ಲೇಶಪ್ಪನವರು ಸ್ವಲ್ಪ ಹೊತ್ತು ನೋಡಿ, "ಏನ್ ಕರಿಯಪ್ಪ, ಹುಳ ಗಿಳ ಕೇಳ್ತಾ ಐತೇನೋ?" ಎಂದರು.

ಈ ಪ್ರಶ್ನೆಗೆ ಹಿನ್ನೆಲೆಯಿದೆ. ಕೆಂಪು ಮೂತಿ ಹುಳು ಹೊಕ್ಕ ಮರ ಬಹುಕಾಲ ಹೊರಗೆ ಹಸಿರಾಗಿಯೇ ಇರುತ್ತದೆ. ಒಳಗೆ ಮರಿಹುಳುಗಳು ತಿರುಳನ್ನು ಮೆಲ್ಲುವ ಕರಕರ ಸದ್ದು ಮಾತ್ರ ಕಾಂಡಕ್ಕೆ ಕಿವಿಯಿಟ್ಟವರಿಗೆ ಕೇಳಿಸಬಹುದು. ಹಳಬರು ಹಾಗೆ ಕಿವಿಯಿಟ್ಟು ನೋಡುತ್ತಿದ್ದರು, ಆದರೆ ನೆಲದ ಮೇಲೆ ನಿಂತು. ನಡುಮರದಲ್ಲಿ ನಿಂತು ಕೇಳಿದವರನ್ನು ಯಾರೂ ಕಂಡಿರಲಿಲ್ಲ.

"ಊಂ, ಮರ ಕೇಳ್ತಾ ಇವ್ನಿ," ಎಂದರು ಕರಿಯಪ್ಪ.

ಕಾರಣವನ್ನು ತಾವು ಹುಡುಕಲಿಲ್ಲ, ಕೆಳಗಿನಿಂದ ಯಾರೋ ಎಸೆದದ್ದನ್ನು ಹಿಡಿದುಕೊಂಡದ್ದಷ್ಟೇ ಎಂಬುದು ಅವರ ವಾದ. "ತಲೆ ತಿರುಗೋನು ಅಂತ ಹೆಸ್ರು ಬಿದ್ರೆ ಮುಗೀತು ಸಾಮಿ. ಆಮೇಲೆ ಯಾರೂ ಮರದ ಬುಡಕ್ಕೂ ಕರೆಯಾಕಿಲ್ಲ."

ಹತ್ತು ದಿನದ ಬಳಿಕ ಮತ್ತೆ ಬಂತು, ಆಮೇಲೆ ವಾರಕ್ಕೊಮ್ಮೆ. ಯಾವ ಮರದಲ್ಲಿ ಬರುತ್ತದೆಂದು ಗೊತ್ತಿಲ್ಲದ್ದರಿಂದ, ಬರದಿದ್ದಾಗಲೂ ನಡುಮರದಲ್ಲಿ ನಿಲ್ಲುವುದನ್ನು ಅವರು ಅಭ್ಯಾಸ ಮಾಡಿಕೊಂಡರು. ಕೆಲವು ಮರಗಳಲ್ಲಿ ಮಾತ್ರ ನಿಂತರೆ ಅನುಮಾನ ಹುಟ್ಟುತ್ತದೆ, ಎಲ್ಲದರಲ್ಲೂ ನಿಂತರೆ ಅದು ಪದ್ಧತಿಯಾಗುತ್ತದೆ. ಪದ್ಧತಿಯೇ ಆಯಿತು. ತೋಟದವರು ಮರಿಯಣ್ಣನವರನ್ನು ಹಂಗಿಸತೊಡಗಿದರು: "ನೀನೇನ್ಲಾ, ಕೋತಿ ಹಂಗೆ ಹತ್ತಿ ಇಳೀತೀಯ. ಕರಿಯಪ್ಪನ್ನ ನೋಡು, ಮರದ ನಾಡಿ ಹಿಡೀತಾನೆ." ಮರಿಯಣ್ಣನವರೂ ಒಂದು ದಿನ ಅರ್ಧಕ್ಕೆ ನಿಂತು ಕಾಂಡಕ್ಕೆ ಕಿವಿಗೊಟ್ಟರು.

"ಏನ್ಲಾ, ನಿಂಗೇನ್ ಕೇಳ್ತು?" ಎಂದು ಕೆಳಗಿದ್ದವರು ಕೂಗಿದರಂತೆ.

"ಬಾಣಾವರದ ರೈಲು ಕೇಳ್ತು!"

ಈ ಮಾತು ಊರಿನಲ್ಲಿ ಬಹಳ ದಿನ ಓಡಾಡಿತು.

ನಿಜ ತಿಳಿದಿದ್ದವಳು ರಾಣಿ ಒಬ್ಬಳೇ. ಅವಳಿಗೆ ಹದಿನೈದು, ಹತ್ತನೆಯ ತರಗತಿ. ಜೂನ್ ತಿಂಗಳ ಒಂದು ಭಾನುವಾರ ಬುತ್ತಿ ತೆಗೆದುಕೊಂಡು ತೋಟಕ್ಕೆ ಹಿಂದಿನ ಬೇಲಿಯ ಕಡೆಯಿಂದ ಹೋದಾಗ, ಕೆಳಗಿದ್ದವರಿಗೆ ಕಾಣದ ಮಗ್ಗುಲಿನಿಂದ ತಂದೆಯ ಮುಖ ಅವಳಿಗೆ ಕಂಡಿತು. "ಕೇಳ್ತಾ ಇರೋರ ಮುಖ ಅಲ್ಲ ಅದು," ಎಂದಳು. "ಹಲ್ಲು ಕಚ್ಚಿದ್ರು. ಮುಖದ ಮೇಲೆ ಬೆವರು ಹರೀತಿತ್ತು. ಬೆರಳುಗಳು ಬೆಳ್ಳಗಾಗಿದ್ವು." ಇಳಿದ ಮೇಲೆ ಅವರು ಪೊದೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ತಲೆಯೆತ್ತಿದಾಗ ಎದುರಿಗೆ ಮಗಳು.

"ನಿಮ್ಮವ್ವಂಗಾಗ್ಲಿ, ಯಾರ್ಗೇ ಆಗ್ಲಿ, ಹೇಳಿದ್ರೆ ನಾನು ನಿನ್ನ ಅಪ್ಪನೇ ಅಲ್ಲ. ಆಣೆ ಇಡು."

ಅವಳು ತಂದೆಯ ತಲೆ ಮುಟ್ಟಿ ಆಣೆಯಿಟ್ಟಳು.

ಅಂದಿನಿಂದ ಎರಡೂವರೆ ತಿಂಗಳು ಅವಳು ಸರಿಯಾಗಿ ಪಾಠ ಕೇಳಲಿಲ್ಲ. ಶಾಲೆಯ ಎರಡು ಕಡೆ ತೋಟಗಳು. ಒಣಗಿದ ಗರಿ ಬಿದ್ದರೂ ಕಾಯಿ ಬಿದ್ದರೂ ತರಗತಿಗೆ ಕೇಳಿಸುತ್ತದೆ. ಒಂದು ಸದ್ದಿನ ಹಿಂದೆ ಇನ್ನೊಂದು ಬಂದರೆ ಅದು ಕಾಯಿ ಕೀಳುವ ಸದ್ದು, ಭಯವಿಲ್ಲ. ಒಂದೇ ಒಂದು ಭಾರವಾದ ಸದ್ದು ಬಂದು ಆಮೇಲೆ ನಿಶ್ಶಬ್ದವಾದರೆ, ಯಾರಾದರೂ ಕೂಗುತ್ತಾರೇನೋ ಎಂದು ಅವಳು ಕಾಯುತ್ತಿದ್ದಳು. ಸಂಜೆ ಮನೆಗೆ ಬಂದೊಡನೆ ಅವಳು ನೋಡುತ್ತಿದ್ದುದು ಬಾಗಿಲ ಮೂಲೆಯಲ್ಲಿ ಮಚ್ಚು ಇದೆಯೇ ಎಂದು. ಮಗಳು ಸೊರಗುತ್ತಿದ್ದುದಕ್ಕೆ ಪರೀಕ್ಷೆಯೇ ಕಾರಣವೆಂದು ಬೋರಮ್ಮ ನಂಬಿದ್ದರು.

ಇಂದುಧರ ಮೇಷ್ಟ್ರಿಗೆ ಒಂದು ಕ್ರಮವಿತ್ತು. ಸೋಮವಾರ ಇಂಗ್ಲಿಷ್ ಪತ್ರಿಕೆಯಿಂದ ಒಂದು ಪದವನ್ನು ಹಲಗೆಯ ಮೇಲೆ ಬರೆಯುವುದು, ಬುಧವಾರದೊಳಗೆ ಮಕ್ಕಳು ಆ ಪದದಿಂದ ಒಂದು ವಾಕ್ಯ ಬರೆದು ತರುವುದು. ವಾಕ್ಯ ಗೈಡಿನಲ್ಲಿ ಇರಬಾರದು, ಮನೆಯಲ್ಲಿ ಇರಬೇಕು ಎಂಬುದು ನಿಯಮ. ಗೌರಿ ಹಬ್ಬದ ಹಿಂದಿನ ಸೋಮವಾರ ಅವರು ಬರೆದ ಪದ 'ಆಸ್ಟೆನ್ಸಿಬಲ್'.

ತೋರಿಕೆಯ, ಮೇಲ್ನೋಟದ ಎಂದು ಅರ್ಥ ಬರೆಸಿ, ಅವರು ಬಳಕೆಯನ್ನು ವಿವರಿಸಿದರು. "ಪಕ್ಕದ ಮನೆಯಾಕೆ ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆ ಕೊಡಿ ಅಂತ ಬರ್ತಾಳೆ. ಅವತ್ತೇ ನಿಮ್ಮನೇಲಿ ಹೆಣ್ಣು ನೋಡೋಕೆ ಬಂದಿದ್ದಾರೆ. ಮಜ್ಜಿಗೆ ಬೇಕಾಗಿದ್ದದ್ದು ಸುಳ್ಳು ಅಂತ ಹೇಳೋಕಾಗಲ್ಲ, ಬೇಕಾಗಿದ್ರೂ ಇರಬಹುದು. ಆದ್ರೆ ಬಂದಿದ್ದು ಅದಕ್ಕಲ್ಲ. ಆ ಮಜ್ಜಿಗೆ ಇದೆಯಲ್ಲ, ಅದು ಆಸ್ಟೆನ್ಸಿಬಲ್ ಕಾರಣ. ಈ ಪದ ಬರಬೇಕಾದ್ರೆ ಎರಡು ಕಾರಣ ಇರ್ಬೇಕು ಕಣ್ರೋ. ಒಂದು ಜಗಲಿ ಮೇಲೆ ಕೂತಿರುತ್ತೆ, ಇನ್ನೊಂದು ನಡುಮನೇಲಿ ಇರುತ್ತೆ."

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸಾರ್, ಹೊರಗೆ ಚೆನ್ನಾಗಿದ್ದು ಒಳಗೆ ಕೊಳೆತಿರೋ ಕಾಯಿ ಆಸ್ಟೆನ್ಸಿಬಲ್ ಕಾಯಾ?"

"ಅಲ್ಲ. ಅದಕ್ಕೆ ಡಿಸೆಪ್ಟಿವ್ ಅನ್ನು. ಕಾಯಿ ಮೋಸ ಮಾಡಬಹುದು, ಆದ್ರೆ ನೆಪ ಹೇಳಲ್ಲ ಕಣೋ. ನೆಪ ಹೇಳೋದು ಮನುಷ್ಯ ಮಾತ್ರ."

ತರಗತಿ ನಕ್ಕಿತು. ರಾಣಿ ನಗಲಿಲ್ಲ.

ಅದೇ ಸೋಮವಾರ ಸಂಜೆ ಮೇಷ್ಟ್ರ ತಾಯಿ ಶಿವಗಂಗಮ್ಮನವರು ಕರಿಯಪ್ಪನವರಿಗೆ ಹೇಳಿಕಳುಹಿಸಿದ್ದರು. ಅವರ ತೋಟದ ಬಾವಿಯ ಬಳಿ ಅರವತ್ತು ಅಡಿ ಮೀರಿದ ಹಳೆಯ ಮರವೊಂದಿತ್ತು. ಅದರ ಕಾಂಡದಲ್ಲಿ, ಎರಡಾಳು ಎತ್ತರದಲ್ಲಿ, ಸಣ್ಣ ತೂತುಗಳಿಂದ ಕಂದು ರಸ ಒಸರುತ್ತಿತ್ತು. ತಲೆ ಹಸಿರಾಗಿಯೇ ಇತ್ತು. ಕಡಿಸಬೇಕೋ ಉಳಿಸಬೇಕೋ ಎಂದು ಅವರಿಗೆ ತೀರ್ಮಾನವಾಗಿರಲಿಲ್ಲ. "ಬೇರೆ ಯಾರ ಮಾತೂ ಬೇಡ. ಕರಿಯಪ್ಪ ಹತ್ತಿ ಕೇಳ್ಲಿ. ಹುಳ ಐತೆ ಅಂದ್ರೆ ಕಡಿಸೋದು, ಇಲ್ಲ ಅಂದ್ರೆ ಬಿಡೋದು," ಎಂದಿದ್ದರು. ತಾವು ಕೇಳದೆ ಬಂದ ಹೆಸರು, ಊರಿನಲ್ಲೇ ಹೆಚ್ಚು ನಂಬಲಾಗದ ಮರಕ್ಕೆ ಕರಿಯಪ್ಪನವರನ್ನು ಕರೆದಿತ್ತು. ಬುಧವಾರ ಬರುತ್ತೇನೆಂದು ಅವರು ಒಪ್ಪಿಕೊಂಡರು. ಮಂಗಳವಾರ ರಾಣಿ ತಂದೆಯನ್ನು ಒಂದೇ ಮಾತು ಕೇಳಿದಳು: "ಅದು ಬೇಡ ಅನ್ನೋಕಾಗಲ್ವೇನಪ್ಪ?"

"ಏನಂತ ಹೇಳ್ಲಿ?"

ಆ ದಿನ ಅವಳು ನೋಟ್ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದ ವಾಕ್ಯದ ತಾತ್ಪರ್ಯ ಇಷ್ಟು: 'ನನ್ನ ತಂದೆ ನಡುಮರದಲ್ಲಿ ನಿಲ್ಲುತ್ತಾರೆ, ಆಸ್ಟೆನ್ಸಿಬ್ಲಿ ಮರವನ್ನು ಕೇಳಲು.'

ಬುಧವಾರ ಮೊದಲನೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ಪುಸ್ತಕಗಳನ್ನು ತಿದ್ದುತ್ತಿದ್ದರು. ರಾಣಿಯನ್ನು ಮೇಜಿನ ಬಳಿಗೆ ಕರೆದರು.

"ವಾಕ್ಯ ಚೆನ್ನಾಗಿದೆ ಕಣಮ್ಮ. ಆದ್ರೆ ಪದ ಕೂರಲ್ಲ. ನಿಮ್ಮಪ್ಪ ನಿಲ್ಲೋದೇ ಮರ ಕೇಳೋಕೆ ತಾನೆ? ಬರೀ ಕೇಳೋಕೆ ಅಂತ ಬರೆದ್ರೆ ಸಾಕು. ಈ ಪದ ಹಾಕಿದ್ರೆ ಹಿಂದೆ ಇನ್ನೊಂದು ಕಾರಣ ಇದೆ ಅಂತ ಆಗುತ್ತೆ."

ಮೇಷ್ಟ್ರು ಕೆಂಪು ಪೆನ್ನಿನ ತುದಿಯನ್ನು ಆ ಪದದ ಬಳಿಗೆ ತಂದರು.

"ತಪ್ಪಾಗಿ ಹಾಕಿದ್ದೀಯ ಅಲ್ವಾ? ಹೊಡೆದು ಹಾಕ್ಲಾ?"

"ಬೇಡ ಸಾರ್."

ಮೇಷ್ಟ್ರು ಕೆಂಪು ಪೆನ್ನನ್ನು ಕೆಳಗಿಟ್ಟರು. "ಹಾಗಾದ್ರೆ ಇನ್ನೊಂದು ಕಾರಣ ಏನು?"

"ಹೇಳಬಾರದು ಸಾರ್. ಆಣೆ ಇಟ್ಟಿದೀನಿ. ಆದ್ರೆ ಪದ ಸರಿಯಾಗೇ ಹಾಕಿದೀನಿ," ಎಂದಳು.

ಅವಳ ಕೈಗಳು ಮೇಜಿನ ಅಂಚನ್ನು ಬೀಳುವವರಂತೆ ಹಿಡಿದಿದ್ದ ರೀತಿಯಿಂದ, ಅವಳಪ್ಪ ಮರವನ್ನು ತಬ್ಬುವುದೂ ಬೀಳದಿರಲೆಂದೇ ಎಂದು ತಮಗೆ ತಿಳಿಯಿತೆಂದು ಇಂದುಧರ ಹೇಳಿದರು. ಮನೆಯಲ್ಲಿ ತಾಯಿ ಬೆಳಗ್ಗೆ ಆಡಿದ ಮಾತು ನೆನಪಾಯಿತು. "ಇವತ್ತು ನಮ್ಮ ತೋಟಕ್ಕೆ ಬರ್ತಾರೆ ಅಲ್ವಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ತರಗತಿಯನ್ನು ಪಕ್ಕದ ಕೋಣೆಯ ಮೇಷ್ಟ್ರಿಗೆ ಒಪ್ಪಿಸಿ, ಅವರು ಮೊಪೆಡ್ ಹತ್ತಿದರು.

ತೋಟಕ್ಕೆ ಎರಡು ಮೈಲಿ. ಅರ್ಧ ದಾರಿ ಹಿಂದಿನ ದಿನದ ಮಳೆಗೆ ಕೆಸರಾಗಿತ್ತು. ಮೊಪೆಡ್ ಎರಡು ಸಲ ನಿಂತಿತು. ಎರಡನೆಯ ಸಲ ಅದನ್ನು ಬೇಲಿಗೆ ಒರಗಿಸಿ, ಉಳಿದ ದೂರವನ್ನು ಅವರು ಓಡಿದರು.

ಬಾವಿಯ ಬಳಿ ಶಿವಗಂಗಮ್ಮ, ಇಬ್ಬರು ಆಳು ಹೆಂಗಸರು ಮತ್ತು ಪಕ್ಕದ ಸಾಲಿನಲ್ಲಿ ಔಷಧಿ ಹೊಡೆಯಲು ಬಂದಿದ್ದ ಮರಿಯಣ್ಣ ನಿಂತಿದ್ದರು. ಎಲ್ಲರೂ ಮೇಲೆ ನೋಡುತ್ತಿದ್ದರು. ಕರಿಯಪ್ಪ ಮೂವತ್ತು ಅಡಿಗಳಷ್ಟು ಎತ್ತರದಲ್ಲಿ ಮರವನ್ನು ತಬ್ಬಿದ್ದರು. ಮಗ ಬಾಯಿ ತೆರೆಯುವ ಮೊದಲೇ ಶಿವಗಂಗಮ್ಮ ತುಟಿಗೆ ಬೆರಳಿಟ್ಟರು.

"ಶ್! ಮಾತಾಡ್ಬೇಡ. ಕೇಳ್ತಾ ಅವ್ನೆ."

ಕರಿಯಪ್ಪ ಎಷ್ಟು ಹೊತ್ತಿನಿಂದ ಹಾಗಿದ್ದರು ಎಂಬುದರಲ್ಲಿ ಒಮ್ಮತವಿಲ್ಲ. ಶಿವಗಂಗಮ್ಮನವರ ಪ್ರಕಾರ ಐದು ನಿಮಿಷ. ಮರಿಯಣ್ಣನವರ ಪ್ರಕಾರ ಅರ್ಧ ಗಂಟೆಗೆ ಕಡಿಮೆಯಿಲ್ಲ. ಕರಿಯಪ್ಪನವರಿಗೆ ನೆನಪಿಲ್ಲ. ಅವರ ಬಲಗಾಲು ಕುಣಿಕೆಯಿಂದ ಹೊರಗೆ ಬಂದಿತ್ತು ಎಂಬುದನ್ನು ಮೇಷ್ಟ್ರು ಮತ್ತು ಮರಿಯಣ್ಣ ಇಬ್ಬರೂ ಹೇಳುತ್ತಾರೆ.

ಕೂಗಿದರೆ ಬೆಚ್ಚುತ್ತಾರೆ, ಕೂಗದಿದ್ದರೆ ಜಾರುತ್ತಾರೆ. ಮೇಷ್ಟ್ರು ಮರಿಯಣ್ಣನವರ ಹತ್ತಿರ ಹೋಗಿ ಕಿವಿಯಲ್ಲಿ, "ಬೀಳ್ತಾನೆ, ಹೋಗು," ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಮರಿಯಣ್ಣ, ನೀನೂ ಹತ್ತಿ ಕೆಳಗಡೆಯಿಂದ ಒಂದು ಸಲ ಕೇಳು. ಒಬ್ಬರ ಕಿವಿ ಸಾಲದು," ಎಂದರು.

"ಇವನಿಗೇನ್ ಕೇಳತ್ತೆ, ರೈಲು ಕೇಳಿದೋನು!" ಎಂದರು ಶಿವಗಂಗಮ್ಮ. ಮರುಕ್ಷಣ ಅವರ ದನಿ ಬದಲಾಯಿತು. "ಬೇಡ ಕಣೋ. ಮರ ಟೊಳ್ಳಾಗಿದ್ರೆ ಇಬ್ಬರ ಭಾರ ತಡೀತದಾ?"

ಮರಿಯಣ್ಣನವರಿಗೂ ಅದೇ ಯೋಚನೆ ಬಂದಿತ್ತು. ಅವರು ಔಷಧಿಯ ಡಬ್ಬ ಕಳಚಿ, ಮಚ್ಚು ಕಳಚಿ, ಸೊಂಟದ ಹಗ್ಗವನ್ನು ಮಾತ್ರ ಇಟ್ಟುಕೊಂಡು ಹತ್ತಿದರು. ರಸ ಒಸರುವ ಜಾಗ ದಾಟುವಾಗ ಅಂಗೈಯ ಕೆಳಗೆ ಕಾಂಡ ಮೆತ್ತಗೆ ಅನ್ನಿಸಿತಂತೆ. "ಅಲ್ಲಿ ಉಸ್ರು ಬಿಡೋಕೂ ಭಯ ಆಯ್ತು. ಉಸ್ರಿಗೂ ಭಾರ ಐತೇನೋ ಅನ್ನಿಸ್ತು," ಎಂದರು.

ಅವರ ತಲೆ ಕರಿಯಪ್ಪನವರ ಪಾದಗಳಿಗೆ ತಾಕಿತು.

"ಅಣ್ಣಾ, ನಾನು ಕಣಣ್ಣ. ಕೆಳಕ್ಕೆ ಬಾ. ನನ್ನ ಹೆಗಲ ಮ್ಯಾಗೆ ಕಾಲಿಡು."

ಕರಿಯಪ್ಪ ಕಣ್ಣು ತೆರೆಯದೆಯೇ ಹೇಳಿದರು. "ಯಾವ ಕಡೆ ಕೆಳಕ್ಕೆ ಅಂತಾನೇ ಗೊತ್ತಾಗ್ತಿಲ್ಲ ಕಣ್ಲಾ."

ಮರಿಯಣ್ಣ ಆ ಬಲಗಾಲನ್ನು ಹಿಡಿದು ತಮ್ಮ ಹೆಗಲ ಮೇಲೆ ಇಟ್ಟುಕೊಂಡರು. ಹಗ್ಗವನ್ನು ಇಬ್ಬರ ಸುತ್ತ, ಕಾಂಡವನ್ನೂ ಸೇರಿಸಿ, ಬಿಗಿದರು. ಗೇಣು ಗೇಣಾಗಿ ಇಳಿಯುವಾಗ ಮರ ಒಮ್ಮೆ ಲಟ್ ಎಂದಿತು. ಆಳು ಹೆಂಗಸರಲ್ಲಿ ಒಬ್ಬರು ಮುಖ ಮುಚ್ಚಿಕೊಂಡರು. ಮರ ಮುರಿಯಲಿಲ್ಲ.

ನೆಲಕ್ಕೆ ಬಂದ ಕರಿಯಪ್ಪ ಮರದ ಬುಡವನ್ನು ಬಿಡದೆ ಕುಳಿತರು. ಶಿವಗಂಗಮ್ಮ ಹತ್ತಿರ ಬಂದರು. ನಡೆದದ್ದೇನೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

"ಏನಾಯ್ತೋ? ಹುಳ ಐತೋ ಇಲ್ವೋ?"

ಮೇಷ್ಟ್ರು ನಡುವೆ ಬಂದು, "ಅವ್ವಾ, ಅವರಿಗೆ ಬಿಸಿಲು ಹೊಡೆದಿದೆ, ಆಮೇಲೆ ಕೇಳೋಣ," ಎಂದರು. ಮಾನ ಉಳಿಸಿಕೊಳ್ಳಲು ದಾರಿ ಅಲ್ಲಿತ್ತು. ಕರಿಯಪ್ಪ ತಲೆಯೆತ್ತಿ ನೋಡಿದರು. ಮೋಡ ಕವಿದ ದಿನ ಅದು.

"ಬಿಸ್ಲಲ್ಲ ಅಮ್ಮಾರೆ," ಎಂದರು. "ತಲೆ ತಿರುಗ್ತದೆ ನಂಗೆ. ಯುಗಾದಿಗಿಂತ ಮುಂಚಿಂದಾನೂ. ಎಡಗಿವೀಲಿ ಜೀರುಂಡೆ ಬಿಟ್ರೆ ಏನೂ ಕೇಳಾಕಿಲ್ಲ. ಹುಳ ಐತೋ ಇಲ್ವೋ ನಂಗೊತ್ತಿಲ್ಲ."

"ಮತ್ತೆ ಜೂನಲ್ಲಿ ನಮ್ಮ ಮೂಡಲ ಸಾಲೆಲ್ಲಾ ಕೇಳಿ ಚೆನ್ನಾಗೈತೆ ಅಂದ್ಯಲ್ಲೋ?"

"ಅದೂ ಗೊತ್ತಿಲ್ಲ ಅಮ್ಮಾರೆ. ಯಾವ ಮರಾನೂ ನಾನು ಕೇಳಿಲ್ಲ."

ಶಿವಗಂಗಮ್ಮ ತಿರುಗಿ ಮನೆಗೆ ನಡೆದರು. ಏಳು ವರ್ಷಗಳ ನಂತರ ಅವರು ಹೇಳಿದ್ದು: "ಅವನು ಮೇಲೆ ಕಣ್ಣು ಮುಚ್ಚಿದ್ದಾಗ ನಾನು ಕೆಳಗೆ ಕೈ ಮುಗಿದು ನಿಂತಿದ್ದೆ ಕಣಪ್ಪ. ಅವನು ಸಾಯ್ತಿದ್ದ, ನಾನು ಯಾರೂ ಕೆಮ್ಮಬೇಡಿ ಅಂತಿದ್ದೆ."

ಹನ್ನೊಂದೂವರೆಗೆ ಇಂದುಧರ ಶಾಲೆಗೆ ಹಿಂತಿರುಗಿದರು. ಗಣಿತದ ಪಾಠ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತು, "ಇಳಿದ್ರಮ್ಮ," ಎಂದಷ್ಟೇ ಹೇಳಿದರು. ಇಡೀ ತರಗತಿಗೆ ಅರ್ಥವಾಗದ ಆ ಮಾತಿಗೆ ರಾಣಿ ಬಿಕ್ಕಿ ಬಿಕ್ಕಿ ಅತ್ತಳು.

ಸುದ್ದಿ ಸಂಜೆಯೊಳಗೆ ಊರು ಮುಟ್ಟಿತು. ಬೈಯಲು ಬರುತ್ತಾರೆಂದು ಬೋರಮ್ಮ ಕಾದಿದ್ದರು, ಬಂದವರು ಬೈಯಲಿಲ್ಲ. ಒಂದು ವಾರದಲ್ಲಿ ಹನ್ನೊಂದು ಮಂದಿ ಬಂದು ಜಗಲಿಯ ಮೇಲೆ ಕುಳಿತು, ನಮ್ಮ ಮರ ನಿಜವಾಗಿಯೂ ಚೆನ್ನಾಗಿದೆಯೇ ಎಂದು ಕೇಳಿದರು. ಒಬ್ಬೊಬ್ಬರಿಗೂ ಕರಿಯಪ್ಪ "ಗೊತ್ತಿಲ್ಲ" ಎಂದು ಹೇಳಬೇಕಾಯಿತು. "ಬೈದಿದ್ರೇ ಚೆನ್ನಾಗಿತ್ತು," ಎಂದರು ಬೋರಮ್ಮ. ತಮಗೆ ಹೇಳಲಿಲ್ಲವೆಂಬ ಸಿಟ್ಟು ಅವರಿಗೆ ಇನ್ನೂ ಇದೆ. ಆರು ತಿಂಗಳು ಪಕ್ಕದಲ್ಲಿ ಮಲಗಿದವಳಿಗೆ ತಿಳಿಯದ್ದು ಇಂಗ್ಲಿಷ್ ಮೇಷ್ಟ್ರಿಗೆ ತಿಳಿಯಿತಲ್ಲ ಎಂದು ಈಗಲೂ ಆಡುತ್ತಾರೆ. ಮರಿಯಣ್ಣ ನೆಲದಿಂದಲೇ ಪ್ರತಿಯೊಂದು ಮರವನ್ನೂ ತಟ್ಟಿ, ತೂತು ಹುಡುಕಿ ನೋಡಿದರು. ಕರಿಯಪ್ಪ ಚೆನ್ನಾಗಿದೆ ಎಂದಿದ್ದ ಮರಗಳಲ್ಲಿ ಎರಡಕ್ಕೆ ಹುಳು ಹೊಕ್ಕಿತ್ತು. ಬಾವಿಯ ಬಳಿಯ ಮರವನ್ನು ಯಾರನ್ನೂ ಹತ್ತಿಸದೆ ಬುಡದಿಂದಲೇ ಉರುಳಿಸಿದರು. ಒಳಗೆ ಒಂದು ಮಗ್ಗುಲು ಹುಡಿಯಾಗಿತ್ತು, ಇನ್ನೊಂದು ಮಗ್ಗುಲು ಗಟ್ಟಿಯಾಗಿತ್ತು.

ಮಗಳೊಂದಿಗೆ ಕರಿಯಪ್ಪ ಹಬ್ಬ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಒಂದು ಬೆಳಗ್ಗೆ, "ಆಣೆ ಇಟ್ಟು ಹೇಳ್ಬಿಟ್ಯಲ್ಲೇ," ಎಂದರು.

"ನಾನು ಏನೂ ಹೇಳ್ಲಿಲ್ಲಪ್ಪ. ಒಂದು ಪದ ಬರ್ದೆ. ಸಾರ್ ಹೊಡೆದು ಹಾಕ್ಲಾ ಅಂದ್ರು, ಬೇಡ ಅಂದೆ. ಅಷ್ಟೇ."

"ಹೊಡೆದು ಹಾಕಿದ್ರೆ?"

"ಹಾಕಿದ್ರೆ ನೀನು ಇರ್ತಿರಲಿಲ್ಲ."

ಹಾಸನದಲ್ಲಿ ಪರೀಕ್ಷಿಸಿದ ವೈದ್ಯರು ಎಡಗಿವಿಯ ಒಳಭಾಗದ ದೋಷವೆಂದು ಹೇಳಿ ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿಸಿದರು, ಎತ್ತರ ಹತ್ತಬಾರದೆಂದು ಎಚ್ಚರಿಸಿದರು. ಮಾತ್ರೆಯಿಂದ ತಿರುಗುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಕರಿಯಪ್ಪನವರು ಈಗ ಕೊಬ್ಬರಿ ಅಂಗಳಗಳಲ್ಲಿ ಸಿಪ್ಪೆ ಸುಲಿಯುತ್ತಾರೆ. ಅದರಲ್ಲಿ ಅವರಿಗೆ ಹೆಸರೇನೂ ಇಲ್ಲ. ರಾಣಿ ಮದುವೆಯಾಗಿ ಹಗರೆಯಲ್ಲಿದ್ದಾಳೆ.

ಹೇಳಿಕೆ ದಾಖಲಿಸಿದ ಎರಡನೆಯ ದಿನ, ಮರದ ಮಾತು ಬಂದಾಗಲೇ ಕರಿಯಪ್ಪ ತಟ್ಟನೆ ಕೈ ಎತ್ತಿದರು. "ತಾಳಿ ಸಾಮಿ, ತಿರುಗ್ತಾ ಐತೆ," ಎಂದು ಹೇಳಿ, ಜಗಲಿಯಿಂದ ಇಳಿದು ಅಂಗಳದ ನೆಲದ ಮೇಲೆ ಅಂಗೈಗಳನ್ನು ಊರಿ, ಕಣ್ಣು ಮುಚ್ಚಿ ಕುಳಿತರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಬೋರಮ್ಮ ಮೊರ ಕೆಳಗಿಟ್ಟು, "ಏನಿಲ್ಲ, ತಲೆ ತಿರುಗ್ತಾ ಐತಂತೆ," ಎಂದು ಅವರಿಗೆ ಹೇಳಿ, ಗಂಡನ ಪಕ್ಕದಲ್ಲಿ ಕುಳಿತರು. ಏಳೆಂಟು ನಿಮಿಷಗಳ ನಂತರ ಕರಿಯಪ್ಪ ಕಣ್ಣು ತೆರೆದರು.